ಹನ್ನೆರಡನ್ನು ಹದಿನೈದು ಮಾಡಿದ ಸೋಮವಾರ

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತೇನೆ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ. ಅವ್ವ ಅದನ್ನೂ ಒತ್ತಿದ್ದನ್ನು ನಾನು ನೋಡಿಲ್ಲ. ಆಕೆಯನ್ನು ಯಾರೂ ಯಾವ ಕಾಗದದ ಮುಂದೆಯೂ ಕೂರಿಸಿರಲಿಲ್ಲ. ಅಂಥ ಮನೆಯಿಂದ ಹೊರಟು ಗಣಿತದಲ್ಲಿ ಪದವಿ ತೆಗೆದುಕೊಂಡೆ. ಹೆಮ್ಮೆಯ ಮಾತು ಇಷ್ಟಕ್ಕೆ ಸಾಕು. ಇಲ್ಲಿ ನಾನು ಬರೆಯಹೊರಟಿದ್ದು ನನ್ನ ಹೊಟ್ಟೆಕಿಚ್ಚಿನ ಬಗ್ಗೆ.

ಅದು ಕೃಷ್ಣೆಯ ಕಾಲುವೆ ನಮ್ಮ ಕಡೆ ಬರುತ್ತಿದ್ದ ಕಾಲ. ನೀರು ಇನ್ನೂ ಬಂದಿರಲಿಲ್ಲ, ಧೂಳು ಮಾತ್ರ ಬಂದಿತ್ತು. ಸುರಪುರದಲ್ಲಿ ಬಸ್ಸು ಹತ್ತಿ ಹುಣಸಗಿಯಲ್ಲಿ ಇಳಿಯುವ ಹೊತ್ತಿಗೆ ಹುಬ್ಬಿನ ಕೂದಲೂ ಬಣ್ಣ ತಿರುಗಿರುತ್ತಿತ್ತು. ನಮ್ಮೂರು ಆ ದಾರಿಯಲ್ಲೇ. ಅಪ್ಪ ಕಾಲುವೆಯ ಒಡ್ಡಿಗೆ ಕಲ್ಲು ಹೊರುತ್ತಿದ್ದ. ಅವ್ವ ಹೆಂಗಸರ ಗುಂಪಿನಲ್ಲಿ ಮಣ್ಣು ತೋಡುತ್ತಿದ್ದಳು. ನಾನು ಶಹಾಪುರದಲ್ಲಿ ಸಣ್ಣವ್ವನ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದೆ.

ಓದಿಗೆ ಅಪ್ಪ ಒಂದೇ ಕರಾರು ಹಾಕಿದ್ದ. ಕಾಲೇಜಿಗೆ ಸೇರಿಸಿದ ದಿನವೇ, ಗಣಿತದ ಮೇಷ್ಟ್ರ ಎದುರಿಗೇ ಹೇಳಿದ್ದ: "ಲೆಕ್ಕದಾಗ ಪೈಲಾ ನಂಬರ್ ಇರೋತನ ಓದು ಯವ್ವಾ. ಎರಡನೇ ನಂಬರ್ ಆದ ದಿನ ಬುಟ್ಟಿ ತಗೊಂಡು ನಿಮ್ಮವ್ವನ ಹಿಂದ ನಡಿ. ಸುಮ್ನ ಕುಂತು ಉಣ್ಣಾಕ ನಾವು ದೇಸಾಯರಲ್ಲ." ಮೇಷ್ಟ್ರು ನಕ್ಕರು. ಅಪ್ಪ ನಗಲಿಲ್ಲ. ನನಗೂ ನಗು ಬರಲಿಲ್ಲ, ಏಕೆಂದರೆ ಅಪ್ಪ ಆಡಿದ ಮಾತು ತಿರುಗಿಸಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಪೈಲಾ ನಂಬರ್ ನನಗೆ ಕಷ್ಟವಿರಲಿಲ್ಲ. ವಿಜ್ಞಾನದ ತರಗತಿಯಲ್ಲಿ ಹುಡುಗರೇ ತುಂಬಿದ್ದರು, ಹುಡುಗಿ ನಾನೊಬ್ಬಳೇ. ಮುಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂತು, ಕೊಟ್ಟ ಲೆಕ್ಕವನ್ನು ಸೂತ್ರ ಹಾಕಿ, ಒಂದು ಮೆಟ್ಟಿಲನ್ನೂ ಬಿಡದೆ ಮಾಡುತ್ತಿದ್ದೆ. ಹಾಳೆ ತುಂಬಬೇಕು, ಆಗ ಮಾತ್ರ ಲೆಕ್ಕ ಮಾಡಿದಂತೆ ಎಂದು ನನ್ನ ನಂಬಿಕೆ. ಕೂಲಿಯವರ ಮಗಳಲ್ಲವೇ, ಬೆವರದೆ ಬಂದ ಉತ್ತರ ನನಗೆ ಉತ್ತರವೇ ಆಗಿರಲಿಲ್ಲ.

ಮಳೆಗಾಲ ಅರ್ಧ ಮುಗಿದ ಮೇಲೆ ಆಕೆ ಬಂದಳು. ಕಾಲುವೆಯ ಓವರ್‌ಸಿಯರ್ ಒಬ್ಬರ ಮಗಳು. ಮೈಸೂರು ಕಡೆಯವರು. ಆಕೆಯ ಅಪ್ಪನಿಗೆ ನಮ್ಮ ಕಡೆಗೆ ವರ್ಗವಾಗಿ ಬಂದಿದ್ದರು. ದಿನವೂ ಇಲಾಖೆಯ ಜೀಪು ಆಕೆಯನ್ನು ಕಾಲೇಜಿನ ಬಾಗಿಲಿಗೆ ತಂದು ಇಳಿಸುತ್ತಿತ್ತು. ಹುಡುಗರು ಮೊದಲ ದಿನವೇ "ಜೀಪಿನಾಕಿ" ಎಂದು ಹೆಸರಿಟ್ಟರು. ಇನ್ನೊಬ್ಬ ಹುಡುಗಿ ಬಂದಳಲ್ಲ ಎಂದು ಮೇಷ್ಟ್ರು ಆಕೆಯನ್ನು ನನ್ನ ಬೆಂಚಿಗೇ ಕೂರಿಸಿದರು. ಬೇರೆ ಜಾಗವಾದರೂ ಎಲ್ಲಿತ್ತು?

ಜೀಪು, ಛತ್ರಿ, ಇಸ್ತ್ರಿ ಮಾಡಿದ ಲಂಗ ಇವುಗಳ ಮೇಲೆ ನನಗೆ ಹೊಟ್ಟೆಕಿಚ್ಚು ಬರಲಿಲ್ಲ. ಅವು ಸಾಹೇಬರ ಮಕ್ಕಳಿಗೆ ಇರತಕ್ಕವೇ. ಬೆಂಕಿ ಹತ್ತಿದ್ದು ಬೇರೆ ಕಡೆ, ಮೂರನೆಯ ದಿನ.

ಮೇಷ್ಟ್ರು ಬೋರ್ಡಿನ ಮೇಲೆ x² – 17x + 70 = 0 ಎಂದು ಬರೆದು ಇದರ ಮೂಲಗಳನ್ನು ಕಂಡುಹಿಡಿಯಿರಿ ಎಂದರು. ಎಂದರೆ x ಗೆ ಯಾವ ಎರಡು ಬೆಲೆ ಕೊಟ್ಟರೆ ಇದೆಲ್ಲ ಸೊನ್ನೆಯಾಗುತ್ತದೆ ಎಂಬುದು. ನಾನು ತಲೆ ತಗ್ಗಿಸಿ ಸೂತ್ರ ಹಾಕಿದೆ. ಹದಿನೇಳರ ವರ್ಗ ಇನ್ನೂರ ಎಂಬತ್ತೊಂಬತ್ತು, ಅದರಲ್ಲಿ ಇನ್ನೂರ ಎಂಬತ್ತು ಕಳೆದೆ, ಒಂಬತ್ತು ಉಳಿಯಿತು. ಹದಿನೇಳಕ್ಕೆ ಒಂಬತ್ತು ಕೂಡಿಸಿ ಅರ್ಧ ಮಾಡಿದೆ, ಹದಿಮೂರು. ಒಂಬತ್ತು ಕಳೆದು ಅರ್ಧ ಮಾಡಿದೆ, ನಾಲ್ಕು. ಕೆಳಗೆ ಎರಡು ಗೆರೆ ಎಳೆದೆ. ಪಕ್ಕದಲ್ಲಿ ಆಕೆ ಪುಸ್ತಕವನ್ನೂ ತೆರೆದಿರಲಿಲ್ಲ. ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನ ಹಾಳೆಯತ್ತ ಬಗ್ಗಿ ನೋಡಿದಳು.

"ತಪ್ಪು ಕಣೇ," ಎಂದಳು.

"ನೀ ಮಾಡೇ ಇಲ್ಲ. ತಪ್ಪು ಅಂತ ಹೆಂಗ ಹೇಳ್ತಿ?"

"ಮಾಡೋದೇನು? ಎರಡೂ ಮೂಲ ಕೂಡಿದ್ರೆ ಹದಿನೇಳು ಬರ್ಬೇಕು. ನಿಂದು ಬಂದಿದೆ, ಸರಿ. ಗುಣಿಸಿದ್ರೆ ಎಪ್ಪತ್ತು ಬರ್ಬೇಕು. ಹದಿಮೂರು ನಾಲ್ಕಲೇ ಐವತ್ತೆರಡು. ಎಲ್ಲೋ ವರ್ಗಮೂಲ ತೆಗೆಯೋದು ಮರೆತಿದ್ದೀಯ ನೋಡು."

ಮರೆತಿದ್ದೆ. ಒಂಬತ್ತಕ್ಕೆ ಮೂರು ಎಂದು ಇಳಿಸಬೇಕಿತ್ತು. ಉತ್ತರ ಹತ್ತು ಮತ್ತು ಏಳು. ನಾನು ಮುಖ ಬಿಗಿದುಕೊಂಡು ತಿದ್ದಿದೆ.

ಇದು ಆಮೇಲೆ ಪಾಠದಲ್ಲೂ ಬಂತು. x ಗಳ ಹಿಂದೆ ನಿಂತ ಅಂಕಿಗಳಿಗೆ ಸಹಗುಣಕ ಎನ್ನುತ್ತಾರೆ. ಮೂಲಗಳು ಏನೆಂದು ಇನ್ನೂ ಗೊತ್ತಿಲ್ಲದಾಗಲೇ, ಅವುಗಳ ಮೊತ್ತ ಎಷ್ಟು, ಗುಣಲಬ್ಧ ಎಷ್ಟು ಎಂದು ಸಹಗುಣಕಗಳು ಹೇಳಿಬಿಡುತ್ತವೆ. ಮೂರು ಮೂಲಗಳಿರುವ ಘನ ಸಮೀಕರಣದಲ್ಲೂ ಹಾಗೆಯೇ: ಒಂದು ಅಂಕಿ ಮೂರರ ಮೊತ್ತ, ಒಂದು ಅಂಕಿ ಎರಡೆರಡನ್ನು ಗುಣಿಸಿ ಕೂಡಿದ ಮೊತ್ತ, ಕೊನೆಯದು ಮೂರರ ಗುಣಲಬ್ಧ. ಚಿಹ್ನೆ ಮಾತ್ರ ನೋಡಿಕೊಳ್ಳಬೇಕು. ಮೇಷ್ಟ್ರು ಇದನ್ನು ಎರಡು ದಿನ ಹೇಳಿದರು. ನಾನು ಎರಡು ದಿನವೂ ಬರೆದುಕೊಂಡೆ, ಕಲಿಯಲಿಲ್ಲ. ಇದು ಆಕೆಯ ವಿದ್ಯೆ, ಜೀಪಿನಲ್ಲಿ ಬರುವವರ ವಿದ್ಯೆ, ತೋಡದೆ ಆಳ ಹೇಳುವವರ ವಿದ್ಯೆ ಎಂದು ಹಲ್ಲು ಕಚ್ಚಿ ಕೂತೆ. ಸೂತ್ರವೇ ನನಗೆ ಸಾಕಾಗಿತ್ತು.

ಆಕೆ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಹಾಗಿರಲಿಲ್ಲ. ಮಧ್ಯಾಹ್ನ ನನ್ನ ಬುತ್ತಿ ಬಿಚ್ಚಿದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಆಕೆ ತನ್ನ ಡಬ್ಬಿಯ ಚಿತ್ರಾನ್ನವನ್ನು ನನ್ನ ಕಡೆ ತಳ್ಳಿ ನನ್ನ ರೊಟ್ಟಿಗೆ ಕೈ ಹಾಕುತ್ತಿದ್ದಳು. "ನಮ್ಮಮ್ಮಂಗೆ ಇದು ಬರೋದೇ ಇಲ್ಲ ಕಣೇ, ತಟ್ಟಿದ್ರೆ ಹರಿದುಹೋಗತ್ತೆ," ಎನ್ನುತ್ತಿದ್ದಳು. ನಾನು ದಿನವೂ ಆಕೆಯ ಡಬ್ಬಿಯ ಮುಚ್ಚಳದ ಮೇಲೆ ಎರಡು ರೊಟ್ಟಿ ಇಡುತ್ತಿದ್ದೆ. ಇಡುವಾಗ ಕೂಡ, ಇದನ್ನು ತಿಂದೂ ಆಕೆ ನಾಳೆ ನನ್ನ ತಪ್ಪು ಹಿಡಿಯುತ್ತಾಳಲ್ಲ ಎಂದು ಒಳಗೇ ಕುದಿಯುತ್ತಿದ್ದೆ. ಪಾಠದ ನಡುವೆ ಆಕೆ ತೂಕಡಿಸುತ್ತಿದ್ದಳು. ನಾನು ಮೇಷ್ಟ್ರ ಬಾಯಿಂದ ಕಣ್ಣು ಕೀಳುತ್ತಿರಲಿಲ್ಲ. ಕೇಳಿದಾಗ ಉತ್ತರ ಮಾತ್ರ ಆಕೆಯ ಬಾಯಿಂದಲೇ ಮೊದಲು ಬೀಳುತ್ತಿತ್ತು. ಕಷ್ಟಪಟ್ಟು ಗೆಲ್ಲುವವಳನ್ನು ನಾನು ಸಹಿಸುತ್ತಿದ್ದೆನೇನೋ. ಆಕೆಗೆ ಗೆಲ್ಲುವ ಆಸೆಯೇ ಇರಲಿಲ್ಲ. ಅದೇ ನನ್ನನ್ನು ಸುಡುತ್ತಿತ್ತು.

ಮೇಷ್ಟ್ರದು ಸುರಪುರ. ಅವರಿಗೊಂದು ರೂಢಿ ಇತ್ತು. ಶನಿವಾರ ಅರ್ಧ ದಿನದ ತರಗತಿ ಮುಗಿಯುವಾಗ ಬೋರ್ಡಿನ ಮೂಲೆಯಲ್ಲಿ ಒಂದು ಲೆಕ್ಕ ಬರೆದು, ಸುತ್ತ ಗೆರೆ ಎಳೆದು ಹೋಗುತ್ತಿದ್ದರು. ಅದನ್ನು ಯಾರೂ ಅಳಿಸುವಂತಿಲ್ಲ; ಅವರೂ ಬೇರೆಲ್ಲೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಸೋಮವಾರ ಬಿಡಿಸಿದವರಿಗೆ ಅಂಕ, ಆ ಅಂಕ ಅರ್ಧವಾರ್ಷಿಕದ ಅಂಕಕ್ಕೆ ಸೇರುತ್ತಿತ್ತು. ಹುಡುಗರು ಊರಿನ ಬಸ್ಸು ತಪ್ಪುತ್ತದೆಂದು ಗೆರೆ ಎಳೆಯುವ ಮೊದಲೇ ಓಡುತ್ತಿದ್ದರು; ನೋಡುವುದಿದ್ದರೆ ಸೋಮವಾರ ಬಂದು ನೋಡುತ್ತಿದ್ದರು. ಶನಿವಾರವೇ ಬರೆದುಕೊಳ್ಳುತ್ತಿದ್ದವಳು ನಾನೊಬ್ಬಳು. ಆಕೆ ಬರೆದುಕೊಳ್ಳುತ್ತಲೇ ಇರಲಿಲ್ಲ, ನೋಡಿದರೆ ಮುಗಿಯಿತು. ಅರ್ಧವಾರ್ಷಿಕ ಹತ್ತಿರ ಬರುವ ಹೊತ್ತಿಗೆ, ಆಕೆ ಬಂದ ಮೇಲಿನ ಮೂಲೆ ಲೆಕ್ಕಗಳಲ್ಲಿ ನಾವಿಬ್ಬರೂ ಸಮ ಇದ್ದೆವು. ಒಂದೇ ಒಂದು ಶನಿವಾರ ಉಳಿದಿತ್ತು.

ಆ ಶನಿವಾರ ಬಂದದ್ದು ಘನ ಸಮೀಕರಣ: x³ – 12x² + 39x – 28 = 0. ಮೂರು ಮೂಲಗಳು ಒಂದೇ ಅಂತರದಲ್ಲಿ ಏರುತ್ತವೆ, ಕಂಡುಹಿಡಿಯಿರಿ ಎಂದು ಕೆಳಗೆ ಬರೆದಿದ್ದರು.

ನಾನು ಬರೆದುಕೊಳ್ಳುತ್ತಿರುವುದನ್ನು ನೋಡುತ್ತ ಆಕೆ ಚೀಲಕ್ಕೆ ಪುಸ್ತಕ ತುಂಬಿ, "ಮಧ್ಯದ್ದು ನಾಲ್ಕು," ಎಂದಳು. ಮಳೆ ಬರುವ ಹಾಗಿದೆ ಎಂದಷ್ಟೇ ಸಲೀಸಾಗಿ. ಹೊರಗೆ ಜೀಪಿನ ಹಾರ್ನ್ ಕೇಳಿಸಿತು, ಹೋಗಿಬಿಟ್ಟಳು.

ಈಗ ನನಗೆ ಗೊತ್ತಿದೆ: ಒಂದೇ ಅಂತರದ ಮೂರು ಸಂಖ್ಯೆಗಳ ಮೊತ್ತ ಹನ್ನೆರಡಾದರೆ ನಡುವಿನದು ನಾಲ್ಕೇ. ಅದಕ್ಕೆ ಬುದ್ಧಿವಂತಿಕೆಯೂ ಬೇಡ. ಆದರೆ ಆ ದಿನ ನಾನು ಕಲಿಯದೆ ಬಿಟ್ಟಿದ್ದ ಪಾಠ ಅದು. ಘನ ಸಮೀಕರಣಕ್ಕೆ ನನ್ನ ಹತ್ತಿರ ಸೂತ್ರವೂ ಇರಲಿಲ್ಲ. ಅಂಕಿಗಳನ್ನು ಬರೆದುಕೊಂಡು ನಾನೂ ಊರಿನ ಬಸ್ಸು ಹತ್ತಿದೆ.

ಭಾನುವಾರವೂ ಅವ್ವನ ಗುಂಪಿಗೆ ಕೆಲಸವಿತ್ತು. ನಾನು ಹಾಳೆ ಹಿಡಿದುಕೊಂಡು ಅಲ್ಲಿಗೇ ಹೋದೆ, ಜಾಲಿ ಗಿಡದ ನೆರಳಿಗೆ ಕೂತೆ. ಮೂಲ ಸಿಗುವುದಾದರೆ ಇಪ್ಪತ್ತೆಂಟನ್ನು ಭಾಗಿಸುವ ಸಂಖ್ಯೆಗಳಲ್ಲೇ ಸಿಗಬೇಕು ಎಂಬಷ್ಟು ನೆನಪಿತ್ತು. ದೊಡ್ಡದರಿಂದ ಹಿಡಿದೆ. ಇಪ್ಪತ್ತೆಂಟು ಹಾಕಿದೆ, ಸಾವಿರಗಟ್ಟಲೆ ಬಂತು. ಹದಿನಾಲ್ಕು ಹಾಕಿದೆ, ಆಗಲಿಲ್ಲ. ಏಳು ಹಾಕಿದೆ. ಮುನ್ನೂರ ನಲವತ್ತಮೂರು, ಅದರಲ್ಲಿ ಐನೂರ ಎಂಬತ್ತೆಂಟು ಹೋಯಿತು, ಇನ್ನೂರ ಎಪ್ಪತ್ತಮೂರು ಸೇರಿತು, ಇಪ್ಪತ್ತೆಂಟು ಹೋಯಿತು. ಸೊನ್ನೆ! ಆಮೇಲೆ ಭಾಗಿಸಿದೆ. ಉಳಿದ ವರ್ಗ ಸಮೀಕರಣಕ್ಕೆ ನನ್ನ ಸೂತ್ರ ಹಾಕಿದೆ. ಈ ಸಲವೂ ಒಂಬತ್ತೇ ಉಳಿಯಿತು, ಈ ಸಲ ಮೂರು ಎಂದು ಇಳಿಸುವುದನ್ನು ಮರೆಯಲಿಲ್ಲ. ನಾಲ್ಕು, ಒಂದು. ಒಂದು, ನಾಲ್ಕು, ಏಳು. ಹಾಳೆಯ ಎರಡೂ ಬದಿ ತುಂಬಿತ್ತು. ಜಾಲಿ ಗಿಡದ ಕೆಳಗೆ ನಾನೊಬ್ಬಳೇ ನಕ್ಕೆ.

ಆಗ ಜೀಪು ಬಂತು. ಓವರ್‌ಸಿಯರ್ ಸಾಹೇಬರು ತೆಗ್ಗುಗಳನ್ನು ಅಳೆಯಲು ಬಂದಿದ್ದರು, ಜೊತೆಗೆ ಮಗಳೂ ಇಳಿದಳು.

ಮಣ್ಣು ತೋಡುವವರು ತೆಗ್ಗಿನ ನಡುವೆ ಕಂಬದಷ್ಟು ಮಣ್ಣನ್ನು ಮುಟ್ಟದೆ ಬಿಡುತ್ತಾರೆ. ಅದರ ನೆತ್ತಿಯ ಮೇಲೆ ಹಳೆಯ ನೆಲದ ಹುಲ್ಲು ಹಾಗೆಯೇ ಇರುತ್ತದೆ. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ತೋಡಿದ ಮಣ್ಣು ಒಡ್ಡಿಗೆ ಹೋಗಿಬಿಟ್ಟಿರುತ್ತದೆ. ಕೂಲಿ ಸಿಗುವುದು ತೋಡಿದ ಆಳಕ್ಕೆ; ಎಷ್ಟು ಆಳ ತೋಡಿದ್ದೇವೆ ಎಂದು ತೋರಿಸಲು ಉಳಿಯುವುದು ಅದೊಂದೇ. ಕೆಲವರು ಬೇರೆ ಕಡೆಯ ಹುಲ್ಲಿನ ಹೆಂಟೆಯನ್ನು ತಂದು ಸಾಕ್ಷಿಯ ತಲೆಯ ಮೇಲೆ ಕೂರಿಸಿ ಒಂದು ಗೇಣು ಏರಿಸುತ್ತಿದ್ದರು. ಆ ದಿನ ಆಚೆ ಗುಂಪಿನ ತೆಗ್ಗಿನಲ್ಲಿ ಸಾಹೇಬರು ಹುಲ್ಲು ಹಿಡಿದು ಎಳೆದರು. ಹೆಂಟೆ ಟೊಪ್ಪಿಗೆಯ ಹಾಗೆ ಎದ್ದು ಕೈಗೇ ಬಂತು.

"ಏನ್ರಪ್ಪಾ, ಸಾಕ್ಷಿಗೆ ಟೋಪಿ ಹಾಕಿದ್ದೀರ?" ಎಂದರು ಸಾಹೇಬರು.

ಅವ್ವ ಸಲಿಕೆ ಊರಿ ನಿಂತು ನೋಡುತ್ತಿದ್ದಳು. "ಒಂದು ಗೇಣು ಏರಿಸಿದ್ರ ಇಡೀ ತೆಗ್ಗು ಸುಳ್ಳಾಗ್ತದ. ಅಷ್ಟೂ ತಿಳೀವಲ್ದು ಅವಕ್ಕ," ಎಂದಳು. "ಸಾಕ್ಷಿ ಸಾಹೇಬ್ರ ಸಲುವಾಗಿ ಅಲ್ಲ, ನಮ್ಮ ಸಲುವಾಗಿ ಬಿಡ್ತೀವಿ. ಅದು ಇದ್ರೇ ನಾವು ಇಷ್ಟು ದುಡಿದೀವಿ ಅಂತ ಎದಿ ತಟ್ಟಿ ಹೇಳಾಕ ಬರ್ತದ."

ಊಟದ ಹೊತ್ತಾಯಿತು. ಹೆಂಗಸರು ಬುತ್ತಿ ಬಿಚ್ಚಿದರು. ಸಾಹೇಬರ ಮಗಳು ಕರೆಯುವುದಕ್ಕೂ ಕಾಯದೆ ಅವ್ವನ ಪಕ್ಕ ಕುಕ್ಕರುಗಾಲಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಳು. ನಾನು ಗಿಡದ ನೆರಳು ಬಿಟ್ಟು ಹತ್ತಿರ ಹೋದೆ.

"ಅಮ್ಮಾ, ಒಂದು ಲೆಕ್ಕ ಕೇಳ್ಲಾ?" ಎಂದಳು ಆಕೆ. "ಒಂದು ತೆಗ್ಗು ಇದೆ. ಉದ್ದ, ಅಗಲ ಎರಡೂ ಕೂಡಿದ್ರೆ ಹದಿನೇಳು ಅಡಿ. ಗುಣಿಸಿದ್ರೆ ಎಪ್ಪತ್ತು. ಉದ್ದ ಎಷ್ಟು, ಅಗಲ ಎಷ್ಟು?"

ಅವ್ವ ಬಾಯಲ್ಲಿದ್ದ ತುತ್ತು ನುಂಗಿದಳು. "ಹತ್ತು, ಏಳು."

"ಅಯ್ಯೋ! ಹೇಗೆ ಹೇಳಿದ್ರಿ?"

"ಹೆಂಗ ಅಂದ್ರ? ದಿನಾ ಅದರಾಗ ನಿಂದರ್ತೀನಿ ಬೇ. ಎಂಟು ಒಂಬತ್ತು ಅಂದ್ರ ಎಪ್ಪತ್ತೆರಡು ಆಗ್ತದ, ಎರಡು ಜಾಸ್ತಿ ಆತು. ಅದಕ್ಕ ಹತ್ತು, ಏಳು."

ಆಕೆ ಚಪ್ಪಾಳೆ ತಟ್ಟಿ ನನ್ನ ಕಡೆ ತಿರುಗಿದಳು. "ನಿಮ್ಮಮ್ಮ ನನ್ನ ಥರಾನೇ ಕಣೇ! ನೋಡಿಬಿಟ್ಟೇ ಹೇಳ್ತಾರೆ!"

ಅವ್ವನ ಮುಖ ಅರಳಿತು. ನನ್ನ ಯಾವ ಪೈಲಾ ನಂಬರಿಗೂ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. "ನನ್ನ ಮಗಳು ಇದಕ್ಕ ಒಂದು ಹಾಳಿ ತುಂಬ ಬರೀತಾಳ ನೋಡು," ಎಂದಳು ಆಕೆಗೆ. ಹೆಂಗಸರೆಲ್ಲ ನಕ್ಕರು. "ಸಾಲಿ ಕಲ್ತಾಕಿ ಅಲ್ಲೇನವ್ವಾ, ಹಾಳಿ ಖರ್ಚು ಮಾಡಬೇಕಲ್ಲ!" ಎಂದಳು ಒಬ್ಬಳು. ನನ್ನ ಕೈಯಲ್ಲಿ ಎರಡೂ ಬದಿ ತುಂಬಿದ ಹಾಳೆ ಇತ್ತು. ಅದನ್ನು ಮಡಚಿ ಹಿಡಿದುಕೊಂಡೆ.

ಅವ್ವ ತಮಾಷೆಗೆ ಅಂದದ್ದು. ಅದು ನನಗೆ ಆಗಲೂ ಗೊತ್ತಿತ್ತು. ಆದರೆ ನನ್ನ ಅವ್ವನ ತಲೆ ನನಗೆ ಬಾರದೆ, ಮೈಸೂರು ಕಡೆಯ ಸಾಹೇಬರ ಮಗಳಿಗೆ ಹೋಗಿದೆ ಎಂಬ ಮಾತನ್ನು ನಾನು ಹೇಗೆ ನುಂಗಲಿ? ಅವರಿಬ್ಬರೂ ಒಂದು ಕಡೆ, ನಾನು ಒಂದು ಕಡೆ. ಬೆಂಚು ಹೋಯಿತು, ರೊಟ್ಟಿ ಹೋಯಿತು, ಈಗ ಅವ್ವನೂ ಹೋದಳು ಎಂದು ಅನಿಸಿತು.

ಸೋಮವಾರ ಮೊದಲ ಬಸ್ಸಿಗೆ ಶಹಾಪುರ ಮುಟ್ಟಿದೆ. ಕಾಲೇಜಿನಲ್ಲಿ ಕಸ ಹೊಡೆಯುವವನು ಬಿಟ್ಟರೆ ಯಾರೂ ಬಂದಿರಲಿಲ್ಲ. ತರಗತಿಗೆ ಹೋದೆ. ಮೂಲೆಯ ಗೆರೆಯೊಳಗೆ ಲೆಕ್ಕ ಹಾಗೆಯೇ ಇತ್ತು. ಹನ್ನೆರಡರ ಎರಡನ್ನು ಬೆರಳಿನಿಂದ ಒರೆಸಿ, ಅಲ್ಲಿ ಐದು ಬರೆದೆ. ಹದಿನೈದು ಆಯಿತು. ಬೆರಳನ್ನು ಲಂಗಕ್ಕೆ ಒರೆಸಿಕೊಂಡೆ. ಆಕೆ ಬರೆದುಕೊಂಡಿಲ್ಲ, ನಾಲ್ಕು ಎಂದೇ ಹೇಳುತ್ತಾಳೆ, ಬೋರ್ಡು ಐದು ಎನ್ನುತ್ತದೆ. ಅಷ್ಟೇ ನನ್ನ ಯೋಚನೆ. ನನ್ನ ಹಾಳೆಯಲ್ಲೂ ಹನ್ನೆರಡೇ ಇದೆ, ನನ್ನ ಉತ್ತರವೂ ಕೆಡುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆಕೆ ಬೀಳಬೇಕು ಎಂಬಲ್ಲಿಗೇ ನನ್ನ ಬುದ್ಧಿ ನಿಂತುಬಿಟ್ಟಿತ್ತು.

ಮೇಷ್ಟ್ರು ಬಂದು ಕೂತವರೇ ಆಕೆಯನ್ನು ಎಬ್ಬಿಸಿದರು. "ಏನವ್ವಾ, ಮೂಲಿ ಲೆಕ್ಕ ಏನಾತು?"

"ಮಧ್ಯದ್ದು ನಾಲ್ಕು ಸರ್. ಒಂದು, ನಾಲ್ಕು, ಏಳು."

"ಕೂಡಿದ್ರ?"

"ಹನ್ನೆರಡು."

"ಬೋರ್ಡ್ ಮ್ಯಾಲ ಎಷ್ಟದ?"

ಆಕೆ ನೋಡಿದಳು. "ಹದಿನೈದು..."

"ಹದಿನೈದರ ಮೂರನೇ ಪಾಲು ನಾಲ್ಕೇನು ನಿಮ್ಮ ಮೈಸೂರು ಕಡೆ?"

ಹುಡುಗರು ಬೆಂಚು ಬಡಿದು ನಕ್ಕರು. "ಜೀಪ್ ಪಂಚರ್ ಆತಲೇ!" ಎಂದ ಹಿಂದಿನ ಸಾಲಿನವನೊಬ್ಬ. ನಾನು ನಗಲಿಲ್ಲ, ಆದರೆ ಆ ನಗೆ ನನ್ನ ಹೊಟ್ಟೆಯೊಳಗೆ ಬೆಲ್ಲದ ಹಾಗೆ ಇಳಿಯಿತು. ಮುಚ್ಚಿಡುವುದು ಯಾಕೆ? ಅಷ್ಟು ಸಂತೋಷ ಡಿಗ್ರಿ ಬಂದ ದಿನವೂ ಆಗಿಲ್ಲ.

ಆಕೆ ಕೂರಲಿಲ್ಲ. ಬೋರ್ಡನ್ನೇ ನೋಡುತ್ತ ನಿಂತಳು. ಕೇಳದೆಯೇ ಹೋಗಿ ಸೀಮೆಸುಣ್ಣ ಎತ್ತಿಕೊಂಡಳು.

"ಸರ್, ಹದಿನೈದು ಅಂದ್ರೆ ಮಧ್ಯದ ಮೂಲ ಐದು. ಅದನ್ನ ಹಾಕಿದ್ರೆ ಎಲ್ಲಾ ಸೇರಿ ಸೊನ್ನೆ ಆಗ್ಬೇಕಲ್ಲ? ನೋಡಿ." ಬರೆದಳು: 125 – 375 + 195 – 28. "ಮೈನಸ್ ಎಂಬತ್ತಮೂರು. ಮೂಲವೇ ಅಲ್ಲ. ಹದಿನೈದು ಬೇರೆ ಉತ್ತರ ಹೇಳತ್ತೆ, ಮೂವತ್ತೊಂಬತ್ತು ಇಪ್ಪತ್ತೆಂಟು ಬೇರೆ ಹೇಳತ್ತೆ. ಒಂದು, ನಾಲ್ಕು, ಏಳು ತಗೊಳ್ಳಿ. ಮೂರನ್ನೂ ಗುಣಿಸಿದ್ರೆ ಇಪ್ಪತ್ತೆಂಟು, ಇದೆ. ಎರಡೆರಡು ಗುಣಿಸಿ ಕೂಡಿದ್ರೆ ನಾಲ್ಕು, ಏಳು, ಇಪ್ಪತ್ತೆಂಟು, ಮೂವತ್ತೊಂಬತ್ತು. ಅದೂ ಇದೆ. ಇವೆರಡೂ ಸರಿ ಇದ್ರೆ ಅಲ್ಲಿರೋದು ಹನ್ನೆರಡೇ. ಸುಳ್ಳು ಹೇಳ್ತಿರೋದು ಹದಿನೈದು ಒಂದೇ."

ನಾನು ಒಂದು ಅಂಕಿ ಮುಟ್ಟಿದ್ದೆ; ಉಳಿದ ಎರಡೂ ಅಂಕಿಗಳು ಎದ್ದು ನಿಂತು ಅದನ್ನು ಹಿಡಿದುಕೊಟ್ಟಿದ್ದವು. ನಿನ್ನೆ ಸಾಹೇಬರ ಕೈಗೆ ಎದ್ದು ಬಂದ ಹೆಂಟೆ ನನ್ನ ಕಣ್ಣ ಮುಂದೆ ಬಂತು.

"ಅಂದ್ರ ಯಾರೋ ತಿದ್ಯಾರ ಅಂತೀಯೇನು?" ಎಂದರು ಮೇಷ್ಟ್ರು.

"ಹೌದು ಸರ್. ಇಲ್ಲಾಂದ್ರೆ ನೀವೇ ತಪ್ಪು ಬರೆದಿದ್ದೀರಿ."

ಅದು ಆಡಬಾರದ ಮಾತಾಗಿತ್ತು. ಆಕೆಯ ಕಡೆ ಮೇಷ್ಟ್ರಿಗೆ ಹಾಗೆ ಅನ್ನುತ್ತಾರೋ ಏನೋ. ನಮ್ಮ ಕಡೆ ಅನ್ನುವುದಿಲ್ಲ. ಮೇಷ್ಟ್ರ ಮುಖ ಕೆಂಪಾಯಿತು. "ನಾ ತಪ್ಪು ಬರ್ದೀನಿ? ಸಬೂತ್ ಏನದ ನಿನ್ನ ಹಂತ್ಯಾಕ?"

ಆಕೆ ನನ್ನತ್ತ ಕೈ ತೋರಿದಳು. ಮುಖದಲ್ಲಿ ಸಂಶಯದ ಎಳೆಯೂ ಇರಲಿಲ್ಲ. "ಇವಳ ಹತ್ರ ಇದೆ ಸರ್. ಶನಿವಾರಾನೇ ಬರ್ಕೊಂಡಿದ್ದಾಳೆ, ನಾನು ನೋಡಿದೀನಿ."

ಮೇಷ್ಟ್ರು ನನ್ನ ಕಡೆ ತಿರುಗಿದರು. ಹಾಳೆ ನನ್ನ ಪುಸ್ತಕದ ಕೆಳಗೇ ಇತ್ತು. ತೆಗೆದು ಕೊಟ್ಟರೆ ನನಗೂ ಅಂಕ ಬರುತ್ತಿತ್ತು. ಲೆಕ್ಕ ಸರಿಯಿತ್ತು, ಜಾಲಿ ಗಿಡದ ಕೆಳಗಿನ ನನ್ನ ಇಡೀ ಭಾನುವಾರ ಅದರಲ್ಲಿತ್ತು. ಆದರೆ ಆಕೆ ಹೇಳಿದ್ದು ನಿಜವಾಗುತ್ತಿತ್ತು.

"ಇಲ್ರಿ ಸರ್," ಎಂದೆ. "ನಾ ಬರ್ಕೊಂಡಿಲ್ರಿ."

ಮೇಷ್ಟ್ರು ಆ ಲೆಕ್ಕವನ್ನೇ ರದ್ದು ಮಾಡಿದರು. ಯಾರಿಗೂ ಅಂಕವಿಲ್ಲ. ಹಿರಿಯರಿಗೆ ಎದುರಾಡಿದ್ದಕ್ಕೆ ಒಂದು ವಾರ ಆಕೆ ಹೊರಗೆ ಪಡಸಾಲೆಯಲ್ಲಿ ನಿಂತು ಪಾಠ ಕೇಳಬೇಕು ಎಂದರು.

ಮಧ್ಯಾಹ್ನ ಎಂದಿನ ಹಾಗೆ ಆಕೆಯ ಡಬ್ಬಿಯ ಮುಚ್ಚಳದ ಮೇಲೆ ಎರಡು ರೊಟ್ಟಿ ಇಟ್ಟೆ. ಆಕೆ ಎತ್ತಿ ನನ್ನ ಬುತ್ತಿಗೆ ವಾಪಸು ಇಟ್ಟಳು.

"ಯಾಕ?" ಎಂದೆ.

"ಹೊಟ್ಟೆ ತುಂಬಿದೆ."

ಡಬ್ಬಿಯನ್ನು ಇನ್ನೂ ತೆರೆದೇ ಇರಲಿಲ್ಲ.

ಆ ವಾರವೆಲ್ಲ ಆಕೆ ಕಿಟಕಿಯ ಸರಳಿನ ಆಚೆ ನಿಂತಿರುತ್ತಿದ್ದಳು. ಅಲ್ಲಿಂದಲೇ ಬೋರ್ಡು ನೋಡಿ, ತುಟಿ ಅಲ್ಲಾಡಿಸಿ, ನಾನು ಅರ್ಧ ಹಾಳೆಗೆ ಬರುವ ಮೊದಲೇ ಆಕಾಶ ನೋಡತೊಡಗುತ್ತಿದ್ದಳು. ಹೊರಗೆ ನಿಲ್ಲಿಸಿದರೂ ನನಗೆ ಹೊಟ್ಟೆಕಿಚ್ಚು ಆರಲಿಲ್ಲ. ನನಗೆ ಬೆಂಚು ಸಿಕ್ಕಿತ್ತು, ಆಕೆಗೆ ಉತ್ತರ ಸಿಗುತ್ತಿತ್ತು.

ವಾರ ಮುಗಿಯುವಷ್ಟರಲ್ಲಿ ಸಾಹೇಬರ ಪಾಲಿನ ಕಾಲುವೆ ಮುಗಿದು ಅವರಿಗೆ ಬೇರೆ ಕಡೆ ಕೆಲಸ ಬಿತ್ತು. ಆಕೆ ಹೋದದ್ದು ನನ್ನಿಂದಲ್ಲ, ಕಾಲುವೆಯಿಂದ. ಪಡಸಾಲೆಯ ಆ ಒಂದು ವಾರ ಮಾತ್ರ ನನ್ನದು. ಕೊನೆಯ ದಿನ ಜೀಪು ಹತ್ತುವ ಮೊದಲು ಗೇಟಿನ ಹತ್ತಿರ ನನ್ನ ಮುಂದೆ ಬಂದು ನಿಂತಳು.

"ನಾಲ್ಕೇ ಬಂದಿತ್ತಾ?" ಎಂದು ಕೇಳಿದಳು.

ನಾನು ಅವಳ ಚಪ್ಪಲಿ ನೋಡುತ್ತ, "ಹೂಂ, ನಾಲ್ಕೇ," ಎಂದೆ.

"ಮತ್ತೆ!" ಎಂದಳು. ಅಷ್ಟೇ. ಹೋಗಿ ಜೀಪು ಹತ್ತಿದಳು. ಬೈದಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಅರ್ಧವಾರ್ಷಿಕದಲ್ಲಿ ನಾನೇ ಪೈಲಾ ನಂಬರ್. ಅಪ್ಪ ಊರಿನವರಿಗೆಲ್ಲ ಹೇಳಿದ. ಅವ್ವ ಮಾತ್ರ ರೊಟ್ಟಿ ತಟ್ಟುತ್ತ ಕೇಳಿದಳು: "ಆ ಹುಡುಗಿ ಎಷ್ಟನೇ ನಂಬರ್?"

"ಆಕಿ ಪರೀಕ್ಷಾನೇ ಬರೀಲಿಲ್ಲ. ಹೋದ್ಲು."

"ಹಂಗಾದ್ರ ನೀ ಯಾರನ್ನ ಹಿಂದ ಹಾಕಿದಿ?"

ಅವ್ವನಿಗೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ಕೇಳಿದ್ದಳು. ನನಗೆ ಮಾತ್ರ ಒಲೆಯ ಮುಂದೆ ಕೂರಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ: ಬೆರಳು, ಐದು, ಹಾಳೆ, ಪಡಸಾಲೆ. ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತಳು, ಅದು ಸೀದುಹೋಯಿತು.

"ಸಾಕ್ಷಿಗೆ ಹೆಂಟಿ ಇಟ್ಟೆಲ್ಲಬೇ," ಎಂದಳು. ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟು ಮುಂದುವರಿಸಿದಳು: "ತೆಗ್ಗು ತೋಡಿದಾಕೀನೂ ನೀನ. ಅದೇನು ಸುಳ್ಳಲ್ಲ. ಹೋಗು, ಮಾಸ್ತರ ಮುಂದ ಹೆಂಟಿ ತಗಿ. ಉಳಿದಿದ್ದು ಎಷ್ಟದ ಅಳತಿ ಮಾಡಿಸ್ಕೊಂಡು ಬಾ."

"ಎರಡನೇ ನಂಬರ್ ಆದ್ರ? ಅಪ್ಪ ಬುಟ್ಟಿ ಕೊಡ್ತಾನ."

"ಕೊಟ್ರ ಹೊರು. ನಾ ಹೊತ್ತಿಲ್ಲೇನು?"

ಹೋದೆ. ಮೇಷ್ಟ್ರ ಮೇಜಿನ ಮೇಲೆ ಆ ಹಾಳೆ ಇಟ್ಟು, ನಿಂತಲ್ಲೇ ಹೇಳಿದೆ. ಅವರು ಹಾಳೆಯ ಮೊದಲ ಸಾಲಿನ ಹನ್ನೆರಡನ್ನು ನೋಡಿದರು. ತಿರುಗಿಸಿ ಹಿಂದಿನ ಬದಿಯನ್ನೂ ಪೂರಾ ಓದಿದರು. ಬೈಯುತ್ತಾರೆಂದು ಕಾದೆ. ಅವರು ಅಂಕಪಟ್ಟಿ ತೆಗೆದು, ನನ್ನ ಹೆಸರಿನ ಮುಂದೆ ಅಲ್ಲಿಯವರೆಗೆ ಬಂದಿದ್ದ ಮೂಲೆ ಲೆಕ್ಕದ ಎಲ್ಲ ಅಂಕಗಳ ಮೇಲೆ ಒಂದೇ ಗೆರೆ ಎಳೆದರು. ಉಳಿದದ್ದನ್ನು ಕೂಡಿದರು. ಎರಡನೆಯ ಹುಡುಗನ ಅಂಕ ನೋಡಿದರು. ಆ ಕ್ಷಣ ನನ್ನ ಕೈಗೆ ಬುಟ್ಟಿಯ ಅಂಚು ತಾಗಿದಂತಿತ್ತು.

"ಇದನ್ನ ತಗದ್ರೂ ನೀನೇ ಪೈಲಾ ನಂಬರ್," ಎಂದರು. ಅವರು ಪೆನ್ನಿನ ಮುಚ್ಚಳ ಹಾಕುತ್ತ ಮುಂದುವರಿಸಿದರು: "ಖುಷಿ ಪಡಬ್ಯಾಡ ತಂಗಿ. ಆಕಿ ಇದ್ದಿದ್ರ ನೀ ಎರಡನೇದಾಕಿ. ನನಗೂ ಆಕಿನ್ನ ಒಳಗ ಕರಿಯೋದಿತ್ತು. ಹೋಗು, ಓದು."

ಓದಿದೆ. ಯಾದಗಿರಿಯಲ್ಲಿ ಡಿಗ್ರಿ ಮುಗಿಸಿದೆ, ಮೇಷ್ಟ್ರಾದೆ. ಆಕೆಯ ವಿದ್ಯೆಯನ್ನೂ ಕಲಿತೆ. ಈಗ ಯಾವ ಮಗು ಲೆಕ್ಕ ತಂದರೂ ಮೊದಲು ಮೂಲಗಳನ್ನು ಕೂಡಿ, ಗುಣಿಸಿ ನೋಡುತ್ತೇನೆ. ತೋಡಿದವಳ ಕೈಗೂ ಸಾಕ್ಷಿ ಬೇಕು ಎಂಬುದನ್ನು ಅವ್ವನೇ ಹೇಳಿದ್ದಳು, ಕೇಳಿಸಿಕೊಳ್ಳಲು ನನಗೆ ತಡವಾಯಿತು. ಆದರೆ ನಾನು ಈಗಲೂ ಲೆಕ್ಕ ಮಾಡಿಯೇ ಕಾಣುತ್ತೇನೆ. ಕಂಡುಬಿಡುವುದು ನನಗೆ ಬರಲಿಲ್ಲ. ಅದು ಎಲ್ಲರಿಗೂ ಬರುವುದಿಲ್ಲ ಎಂದು ಮಕ್ಕಳಿಗೆ ಸಮಾಧಾನ ಹೇಳುವಾಗ ನನ್ನ ಎದೆಯಲ್ಲಿ ಹಳೆಯ ಕೆಂಡ ಸಣ್ಣಗೆ ಹೊಗೆಯಾಡುತ್ತದೆ.

ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ಊರಿಗೆ ಹೋಗುವಾಗ ಬಸ್ಸು ಕಾಲುವೆಯ ಸೇತುವೆ ದಾಟುತ್ತದೆ. ಅವ್ವ ತೋಡಿದ ಕಡೆ ಈಗ ನೀರು ತುಂಬಿ ಹರಿಯುತ್ತದೆ, ಸಾಕ್ಷಿಗಳೆಲ್ಲ ಯಾವತ್ತೋ ಕರಗಿ ಹೋಗಿವೆ. ಪ್ರತಿ ಸಲ ಅಲ್ಲಿ ಅವ್ವ ನನ್ನ ಮೊಣಕೈ ತಟ್ಟುತ್ತಾಳೆ.

"ಆ ಹುಡುಗಿ ಈಗ ಏನ್ ಮಾಡಾಕತ್ಯಾಳೋ?"

ನಾನು ಕಿಟಕಿಯ ಕಡೆ ಮುಖ ತಿರುಗಿಸುತ್ತೇನೆ. "ನನಗೇನ್ ಗೊತ್ತಬೇ. ಎಲ್ಲೋ ಕುಂತು ಲೆಕ್ಕ ಮಾಡಾಕತ್ತಿರಬೇಕು."

"ಮಾಡಾಕತ್ತಿರಂಗಿಲ್ಲ," ಎನ್ನುತ್ತಾಳೆ ಅವ್ವ. "ಬರೇ ನೋಡಿ ಹೇಳಾಕತ್ತಿರ್ತಾಳ."